ಕಚ್ಚಿಕೊಂಡ ನಟ್ಟು, ಅದನ್ನು ಬಿಡಿಸುವ ಮುಟ್ಟು



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರವಾಗಿ ಎಷ್ಟೋ ಸಲ ಮಾತನಾಡಿದ್ದೇವೆ. ಈ ದಿನ ಹೇಳಬೇಕೆಂದಿರುವುದು ಹೆಬ್ಬೆರಳ ಗಾತ್ರದ ಒಂದು ಕಬ್ಬಿಣದ ತುಂಡಿನ ಕಥೆ. ಅದೇ ನಟ್ಟು. ಇಷ್ಟು ಸಣ್ಣದರ ಮೇಲೆ ಏನು ಕಥೆ ಇದ್ದೀತು ಅಂತ ನಿಮಗೆ ಅನ್ನಿಸಬಹುದು. ಆದರೆ ಒಂದು ಮಾತು ಯೋಚಿಸಿ. ರೋಹಿಣಿ ಮಳೆ ಬಿದ್ದಿದೆ, ಭೂಮಿ ಹದಕ್ಕೆ ಬಂದಿದೆ, ಬೀಜ ಮನೆಯಲ್ಲಿ ಸಿದ್ಧವಾಗಿದೆ. ನೇಗಿಲಿನ ಸವೆದ ಕುಳವನ್ನು ಬದಲಾಯಿಸೋಣವೆಂದು ಪಾನಾ ಹಾಕಿದರೆ ನಟ್ಟು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಇನ್ನೂ ಬಲ ಹಾಕಿದರೆ ಪಾನಾ ಜಾರುತ್ತದೆ, ಬೆರಳಿನ ಗೆಣ್ಣು ಒಡೆಯುತ್ತದೆ. ಇನ್ನೂ ಹೆಚ್ಚು ಬಲ ಹಾಕಿದರೆ ಬೋಲ್ಟೇ ಮುರಿಯುತ್ತದೆ. ಅಷ್ಟು ಹೊತ್ತಿಗೆ ಸಂಜೆ. ಪೇಟೆಗೆ ಹೋಗಿ ಬರುವುದರೊಳಗೆ ಎರಡು ದಿನ. ಕೆಂಪು ಭೂಮಿಯಲ್ಲಿ ಎರಡು ದಿನದ ಬಿಸಿಲಿಗೆ ಹದ ಆರಿಹೋಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾದ್ದಿಲ್ಲ.

ನಮ್ಮ ಅಜ್ಜಂದಿರಿಗೆ ಈ ಕಷ್ಟ ಇರಲಿಲ್ಲ. ಅವರಿಗೆ ಬೇರೆ ಕಷ್ಟಗಳಿದ್ದವು, ಆದರೆ ಇದಿರಲಿಲ್ಲ. ಮರದ ನೇಗಿಲಿನಲ್ಲಿ ಈಸು, ಮೇಣಿ, ಕುಳ ಎಲ್ಲವೂ ಕೂಡಿಕೊಂಡು ನಿಂತಿದ್ದು ಬೆಣೆಯ ಬಲದಿಂದ, ಹಗ್ಗ ಮಿಣಿಗಳ ಬಲದಿಂದ. ಸಡಿಲವಾದರೆ ಬೆಣೆಗೆ ಒಂದು ಏಟು, ತೆಗೆಯಬೇಕಾದರೆ ಹಿಂದಿನಿಂದ ಒಂದು ಏಟು. ಕಲ್ಲಿನಿಂದಲೂ ಆಗುತ್ತಿತ್ತು. ಕಬ್ಬಿಣದ ನೇಗಿಲು, ಪಂಪು, ಟ್ರಾಕ್ಟರು ಬಂದ ಮೇಲೆ ಬೆಣೆಯ ಜಾಗದಲ್ಲಿ ಬೋಲ್ಟು ಬಂದು ಕೂತಿತು. ಬೋಲ್ಟಿನ ಹಿಂದೆಯೇ ನಟ್ಟು, ನಟ್ಟಿನ ಹಿಂದೆಯೇ ತುಕ್ಕು, ತುಕ್ಕಿನ ಹಿಂದೆಯೇ ಅದನ್ನು ಬಿಡಿಸುವ ಮುಟ್ಟು. ಈ ಮೆರವಣಿಗೆ ಎಲ್ಲಿಂದ ಹೊರಟು ನಮ್ಮ ಹೊಲಕ್ಕೆ ಹೇಗೆ ಬಂತು ಎಂಬುದನ್ನು ಸ್ವಲ್ಪ ನೋಡೋಣ. ಅದು ತಿಳಿದರೆ ನಟ್ಟು ಯಾಕೆ ಕಚ್ಚಿಕೊಳ್ಳುತ್ತದೆ, ಯಾವ ಪಾನಾ ಹಾಕಿದರೆ ಬರುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ತಿರುಪು ಎಂಬುದು ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಹೀರೋ ಎಂಬ ಪಂಡಿತನಿದ್ದ. ಎಣ್ಣೆ ಕಾಯಿಗಳನ್ನೂ ದ್ರಾಕ್ಷಿಯನ್ನೂ ಹಿಂಡುವ ಮರದ ತಿರುಪಿನ ಯಂತ್ರವನ್ನೂ, ಮರದ ತೂತಿನ ಒಳಗಡೆ ತಿರುಪು ಕೊರೆಯುವ ಮುಟ್ಟನ್ನೂ ಅವನು ವಿವರಿಸಿದ್ದಾನೆ. ಅಂದರೆ ನಟ್ಟಿನ ಮೂಲತತ್ವ ಆಗಲೇ ಇತ್ತು. ಆದರೆ ಅದು ಮರದ ನಟ್ಟು, ಆಳಿನ ತೋಳಿನಷ್ಟು ದಪ್ಪ. ಕಬ್ಬಿಣದ ಸಣ್ಣ ಬೋಲ್ಟಿಗೆ ಕಬ್ಬಿಣದ ನಟ್ಟು ಹಾಕುವ ರೂಢಿ ಯೂರೋಪಿನಲ್ಲಿ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಬಂದಾಗಲೂ ಅದನ್ನು ಮಾಡುತ್ತಿದ್ದವನು ಕಮ್ಮಾರ, ಅರದಿಂದ ಕೈಯಲ್ಲೇ ಉಜ್ಜಿ ಉಜ್ಜಿ.

ಕೈಯಲ್ಲಿ ಮಾಡಿದ್ದರಿಂದ ಏನಾಯಿತು? ಒಂದು ಬೋಲ್ಟಿಗೆ ಮಾಡಿದ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಯಂತ್ರ ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದು ಅಂತ ಗುರುತು ಹಾಕಿಟ್ಟುಕೊಳ್ಳಬೇಕಿತ್ತು. ಗುರುತು ತಪ್ಪಿದರೆ ಜೋಡಿ ತಪ್ಪಿತು, ಯಂತ್ರ ನಿಂತಿತು. ಈ ಅವಸ್ಥೆಯನ್ನು ತಪ್ಪಿಸಲು ಹೊರಟವನು ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ. 1771ರಲ್ಲಿ ವುಲಿಚ್‌ನಲ್ಲಿ ಹುಟ್ಟಿದ ಈತ ಓದಿ ದೊಡ್ಡವನಾದವನಲ್ಲ, ಹುಡುಗನಾಗಿ ಕುಲುಮೆ ಸೇರಿ ಕೈಕೆಲಸದಿಂದಲೇ ಮೇಲೆ ಬಂದವನು. 1800ರ ಸುಮಾರಿಗೆ ಅವನು ಕಟ್ಟಿದ ಲೇತ್ ಯಂತ್ರ ಒಂದೇ ತೆರನಾದ ತಿರುಪನ್ನು ಎಷ್ಟು ಬೇಕಾದರೂ ಕೊರೆದುಕೊಡುತ್ತಿತ್ತು. ಅವನ ಕಾರ್ಖಾನೆಯಲ್ಲಿ ಒಂದು ಬೋಲ್ಟಿನ ನಟ್ಟು ಅದೇ ಅಳತೆಯ ಇನ್ನೊಂದಕ್ಕೂ ಹಿಡಿಯಿತು.

ಆದರೆ ಅದು ಅವನ ಕಾರ್ಖಾನೆಯ ಮಾತು. ಪಕ್ಕದ ಕಾರ್ಖಾನೆಯದು ಬೇರೆ ಅಳತೆ, ಅದರ ಪಕ್ಕದ್ದು ಇನ್ನೂ ಬೇರೆ. ಮಾಡ್ಸ್‌ಲೇಯ ಕೈಕೆಳಗೆ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ತನ್ನದೇ ಕಾರ್ಖಾನೆ ತೆರೆದ. ಅವನು ಮಾಡಿದ ಕೆಲಸ ಜಾಣತನದ್ದು. ನನ್ನದೇ ಸರಿ, ನಿಮ್ಮದೆಲ್ಲ ತಪ್ಪು ಎನ್ನಲಿಲ್ಲ. ಊರೂರ ಕಾರ್ಖಾನೆಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಎಲ್ಲದರ ನಡುವಿನ ಒಂದು ಅಳತೆಯನ್ನು ಕಂಡುಹಿಡಿದು 1841ರಲ್ಲಿ ಅಲ್ಲಿನ ಇಂಜಿನಿಯರುಗಳ ಸಂಸ್ಥೆಯ ಮುಂದೆ ಇಟ್ಟ. ತಿರುಪಿನ ಕೋನ 55 ಡಿಗ್ರಿ, ಇಂಥ ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟು ಸುತ್ತು ಅಂತ ಗೊತ್ತುಮಾಡಿದ. ಯಾರಿಗೂ ಹೆಚ್ಚು ದೂರ ಸರಿಯಬೇಕಾಗಿರಲಿಲ್ಲವಾದ್ದರಿಂದ ಎಲ್ಲರೂ ನಿಧಾನವಾಗಿ ಒಪ್ಪಿಕೊಂಡರು. ಊರ ಪಂಚಾಯಿತಿ ನಡೆಸುವವರು ಕಲಿಯಬೇಕಾದ ರೀತಿ ಇದು, ಇರಲಿ. 1850ರ ದಶಕದ ಕ್ರಿಮಿಯಾ ಯುದ್ಧದಲ್ಲಿ ಇಂಗ್ಲೆಂಡಿನ ನೌಕಾಪಡೆಗೆ ಅವಸರದಲ್ಲಿ ದೋಣಿ ಇಂಜಿನುಗಳು ಬೇಕಾದಾಗ 90 ದಿನದಲ್ಲಿ 90 ಇಂಜಿನುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಬಿಡಿಬಿಡಿಯಾಗಿ ಮಾಡಿಸಿ ಜೋಡಿಸಿದರು. ಎಲ್ಲರ ನಟ್ಟೂ ಎಲ್ಲರ ಬೋಲ್ಟಿಗೂ ಹಿಡಿದದ್ದರಿಂದ ಅದು ಸಾಧ್ಯವಾಯಿತು.

ಅಮೆರಿಕಾದವರು ಮಾತ್ರ ಬೇರೆ ದಾರಿ ಹಿಡಿದರು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ತನ್ನದೇ ಅಳತೆ ಮುಂದಿಟ್ಟ. ಕೋನ 60 ಡಿಗ್ರಿ. ಮಾಡುವುದು ಸುಲಭ ಎಂಬುದು ಅವನ ವಾದ. ನಟ್ಟಿನ ಅಗಲ ಎಷ್ಟಿರಬೇಕು ಎಂಬುದಕ್ಕೂ ಒಂದು ಲೆಕ್ಕ ಕೊಟ್ಟ: ಬೋಲ್ಟಿನ ದಪ್ಪದ ಒಂದೂವರೆಯಷ್ಟು, ಅದರ ಮೇಲೆ ಕಾಲಿಂಚಿನಲ್ಲಿ ಅರ್ಧ. ಹೀಗೆ ಪ್ರಪಂಚದಲ್ಲಿ ಎರಡು ಮನೆತನ ಆದವು. ಯೂರೋಪಿನ ಮಿಲಿಮೀಟರಿನವರು ಮೂರನೆಯವರು. ಅರ್ಧ ಇಂಚು ಬೋಲ್ಟನ್ನೇ ತೆಗೆದುಕೊಳ್ಳಿ. ವಿಟ್‌ವರ್ತನದರಲ್ಲಿ ಇಂಚಿಗೆ 12 ಸುತ್ತು, ಅಮೆರಿಕಾದ್ದರಲ್ಲಿ 13 ಸುತ್ತು. ಕಣ್ಣಿಗೆ ಎರಡೂ ಒಂದೇ. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಆಹಾ, ಗಟ್ಟಿಯಾಗಿ ಕೂತಿತು ಅಂತ ನಾವು ಇನ್ನೂ ತಿರುಗಿಸುತ್ತೇವೆ. ಅದು ಕೂತದ್ದಲ್ಲ, ಕಚ್ಚಿದ್ದು. ತುಕ್ಕು ಹಿಡಿಯುವುದಕ್ಕೆ ಮೊದಲೇ ಅದು ಬಿಡದ ನಟ್ಟಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡು, ಅಮೆರಿಕಾ ಒಂದೇ ಕಡೆ ನಿಂತು ಹೋರಾಡಿದರೂ ಅವರ ಬೋಲ್ಟುಗಳು ಒಂದಾಗಲಿಲ್ಲ. ಆ ತೊಂದರೆ ಅನುಭವಿಸಿದ ಮೇಲೆ 1948ರಲ್ಲಿ ಆ ಎರಡು ದೇಶಗಳೂ ಕೆನಡಾವೂ ಕೂಡಿ 60 ಡಿಗ್ರಿಯ ಒಂದು ಅಳತೆಗೆ ಒಪ್ಪಿದವು.

ಇನ್ನು ಪಾನಾದ ವಿಚಾರಕ್ಕೆ ಬರೋಣ.

ಅಮೆರಿಕಾದಲ್ಲಿ ಸೈರಸ್ ಮೆಕಾರ್ಮಿಕ್ ಎಂಬುವನು ಕುದುರೆ ಎಳೆಯುವ ಪೈರು ಕೊಯ್ಯುವ ಯಂತ್ರಕ್ಕೆ 1834ರಲ್ಲಿ ಹಕ್ಕುಪತ್ರ ಪಡೆದು, 1847ರಲ್ಲಿ ಚಿಕಾಗೋದಲ್ಲಿ ಕಾರ್ಖಾನೆ ಹಾಕಿದ. ಅಲ್ಲಿಂದ ಮುಂದೆ ಆ ದೇಶದ ರೈತನ ಕೊಟ್ಟಿಗೆಗೆ ಬೋಲ್ಟು ನಟ್ಟುಗಳು ಮೂಟೆಗಟ್ಟಲೆ ಬಂದು ಬಿದ್ದವು. ಬೇಸಾಯದ ಯಂತ್ರ ಮಾಡುವ ಕಂಪನಿಗಳು ಯಂತ್ರದ ಜೊತೆಗೆ ಎರಕದ ಒಂದು ಚಪ್ಪಟೆ ಪಾನಾವನ್ನೂ ಕೊಡುತ್ತಿದ್ದವು. ಅದರ ಮೇಲೆ ಕಂಪನಿಯ ಹೆಸರು. ಆ ಯಂತ್ರದ ನಟ್ಟಿಗೆ ಆ ಪಾನಾ, ಈ ಯಂತ್ರದ್ದಕ್ಕೆ ಈ ಪಾನಾ. ನಾಲ್ಕು ಯಂತ್ರ ಇದ್ದ ರೈತನ ಗೋಡೆಯ ಮೇಲೆ ಹತ್ತು ಪಾನಾ ತೂಗುತ್ತಿದ್ದವು. ಒಂದೇ ಪಾನಾ ಎಲ್ಲದಕ್ಕೂ ಆಗಬೇಕೆಂಬ ಆಸೆ ಸಹಜವೇ. 1841ರಲ್ಲಿ, ವಿಟ್‌ವರ್ತ್ ತನ್ನ ಅಳತೆ ಹೇಳಿದ ಅದೇ ವರ್ಷ, ಅಮೆರಿಕಾದ ವೂಸ್ಟರ್ ಪಟ್ಟಣದ ಲೋರಿಂಗ್ ಕೋಸ್ ಎಂಬುವನು ತಿರುಪು ತಿರುಗಿಸಿ ಬಾಯಿ ಹಿರಿದು ಕಿರಿದು ಮಾಡುವ ಪಾನಾಕ್ಕೆ ಹಕ್ಕುಪತ್ರ ಪಡೆದ. ಮಂಕಿ ಪಾನಾ ಅಂತ ಹಳೆಯ ಮೆಕ್ಯಾನಿಕ್ಕುಗಳು ಹೇಳುವ ಸುತ್ತಿಗೆಯಾಕಾರದ ಪಾನಾ ಆ ಜಾತಿಯದು.

ಕೊಳವೆಬಾವಿಯವರು ಹಿಡಿದುಕೊಂಡು ಬರುವ ಪೈಪ್ ರೆಂಚು ನೋಡಿದ್ದೀರಷ್ಟೆ. ಅದರ ಕಥೆ ಸ್ವಾರಸ್ಯವಾಗಿದೆ. ಡೇನಿಯಲ್ ಸ್ಟಿಲ್‌ಸನ್ ಎಂಬ ಕೆಲಸಗಾರ ಹಲ್ಲಿರುವ ಪಾನಾ ಒಂದರ ಮಾದರಿಯನ್ನು ಮರದಲ್ಲಿ ಕೆತ್ತಿ ಮಾಲೀಕರಿಗೆ ತೋರಿಸಿದನಂತೆ. ಅವರು, ಕಬ್ಬಿಣದಲ್ಲಿ ಮಾಡಿ ಪೈಪಿಗೆ ಹಾಕು, ಪೈಪು ಮುರಿಯಬೇಕು ಇಲ್ಲವೇ ನಿನ್ನ ಪಾನಾ ಮುರಿಯಬೇಕು ಎಂದರಂತೆ. ಪೈಪೇ ಮುರಿಯಿತು. 1869ರಲ್ಲಿ ಅವನಿಗೆ ಹಕ್ಕುಪತ್ರ ಸಿಕ್ಕಿತು. ಎಳೆದಷ್ಟೂ ಬಿಗಿಯಾಗಿ ಕಚ್ಚುವುದು ಇದರ ಗುಣ. ಮೂಲೆ ಸವೆದು ದುಂಡಗಾದ ನಟ್ಟನ್ನೂ ಇದು ಹಿಡಿಯುತ್ತದೆ. ಆದರೆ ಇದು ಮುಟ್ಟಿದ ನಟ್ಟು ಮತ್ತೆ ಬಳಕೆಗೆ ಬಾರದು. ಚೆನ್ನಾಗಿರುವ ನಟ್ಟಿಗೆ ಪೈಪ್ ರೆಂಚು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಎಲ್ಲರ ಮನೆಯಲ್ಲೂ ಇರುವ, ಬುಡದಲ್ಲಿ ಸಣ್ಣ ಗಾಲಿ ತಿರುಗಿಸಿ ಬಾಯಿ ಸರಿಮಾಡಿಕೊಳ್ಳುವ ಸ್ಕ್ರೂ ಪಾನಾ ಬಂದದ್ದು ಸ್ವೀಡನ್ ದೇಶದಿಂದ. ಅದನ್ನು ಮಾಡಿದವನು ಯೋಹಾನ್ ಪೆಟರ್ ಯೋಹಾನ್ಸನ್. 1853ರಲ್ಲಿ ಹುಟ್ಟಿದ, ಸಣ್ಣ ಹಿಡುವಳಿಯ ಮನೆಯ ಮಗ, ಆರು ಮಂದಿ ಮಕ್ಕಳಲ್ಲಿ ಹಿರಿಯ. ಮೊದಲು ಉಗಿಯಂತ್ರ ನಡೆಸುವ ಕೆಲಸ, ಆಮೇಲೆ ಕಾರ್ಖಾನೆಗಳಲ್ಲಿ ಕೆಲಸ, ಕೊನೆಗೆ 1886ರಲ್ಲಿ ಎನ್‌ಶೋಪಿಂಗ್ ಎಂಬ ಪಟ್ಟಣದಲ್ಲಿ ಸ್ವಂತ ದುರಸ್ತಿ ಅಂಗಡಿ. ಯಂತ್ರ ರಿಪೇರಿಗೆ ಕರೆ ಬಂದಲ್ಲಿಗೆಲ್ಲ ಪಾನಾಗಳ ರಾಶಿಯನ್ನೇ ಹೊತ್ತು ಹೋಗಬೇಕು. ನಟ್ಟುಗಳ ಅಳತೆ ಒಂದೂ ಸರಿಯಿಲ್ಲ. ಪ್ರತಿ ಸಲವೂ ಹೊಸ ಅಳತೆ, ಅದಕ್ಕೊಂದು ಹೊಸ ಪಾನಾ. ಹೊತ್ತು ಸಾಕಾಗಿ 1888ರಲ್ಲಿ ಪೈಪು ಹಿಡಿಯುವ ಒಂದು ಮುಟ್ಟನ್ನೂ, 1891–92ರಲ್ಲಿ ಈ ಸ್ಕ್ರೂ ಪಾನಾವನ್ನೂ ಮಾಡಿದ. ಬಾಹ್ಕೋ ಎಂಬ ಹೆಸರಿನಲ್ಲಿ ಅದು ದೇಶದೇಶಕ್ಕೆ ಹೋಯಿತು. ಯೂರೋಪಿನ ಕೆಲವು ಭಾಷೆಗಳಲ್ಲಿ ಇವತ್ತಿಗೂ ಅದಕ್ಕೆ ‘ಸ್ವೀಡನ್ ಕೀಲಿ’ ಎಂದೇ ಹೆಸರು. ಯೋಹಾನ್ಸನ್ ನೂರಕ್ಕೂ ಮೀರಿ ಹಕ್ಕುಪತ್ರ ಪಡೆದು 1943ರಲ್ಲಿ ತೀರಿಕೊಂಡ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸ್ಕ್ರೂ ಪಾನಾ ಹುಟ್ಟಿದ್ದು ಅಳತೆ ಸಿಗದ ನಟ್ಟಿಗೆ ಸಮಾಧಾನವಾಗಿ. ತುಕ್ಕು ಹಿಡಿದ ನಟ್ಟಿನ ಮೇಲೆ ಜಟ್ಟಿಯಂತೆ ಎಳೆಯುವುದಕ್ಕಲ್ಲ. ಅದರ ಎರಡು ದವಡೆಗಳಲ್ಲಿ ಒಂದು ಸ್ಥಿರ, ಒಂದು ಜರುಗುವಂಥದ್ದು. ಎಷ್ಟು ಬಿಗಿಮಾಡಿದರೂ ಜರುಗುವ ದವಡೆಗೆ ಕೊಂಚ ಆಟ ಇದ್ದೇ ಇರುತ್ತದೆ. ಆದ್ದರಿಂದ ಎಳೆಯುವಾಗ ಭಾರವೆಲ್ಲ ಸ್ಥಿರ ದವಡೆಯ ಮೇಲೆ ಬೀಳುವಂತೆ ಹಿಡಿಯಬೇಕು. ತಿರುಗುಮುರುಗಾಗಿ ಹಿಡಿದರೆ ಬಾಯಿ ಅಗಲಿಸುತ್ತದೆ, ನಟ್ಟಿನ ಆರು ಮೂಲೆಗಳೂ ಒಂದೊಂದಾಗಿ ದುಂಡಗಾಗುತ್ತವೆ. ಬಿಡದ ನಟ್ಟಿಗೆ ಸುತ್ತಲೂ ಹಿಡಿಯುವ ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾ ಬೇಕು, ಅದರಲ್ಲೂ ಒಳಗೆ ಆರೇ ಮೂಲೆ ಇರುವಂಥದ್ದು ಮೇಲು.

ನಮ್ಮ ನಾಡಿಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರ ಸುಮಾರಿಗೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಅಂತ ನಂಬಿ ಜನ ಕೊಳ್ಳಲಿಲ್ಲ. ಮೊದಮೊದಲ ನೇಗಿಲುಗಳು ಹೋಗುವುದಕ್ಕೆ ವರ್ಷಗಳೇ ಹಿಡಿದವು. 1910ರಲ್ಲಿ ಅವರು ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದ ನೇಗಿಲು ನಿಧಾನವಾಗಿ ಊರೂರಿಗೆ ಹೋಯಿತು. ಭೂಮಿಗೆ ಏನೂ ಆಗಲಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಮರದ ನೇಗಿಲಿನ ರಿಪೇರಿ ಊರ ಬಡಗಿಯ ಕೈಯಲ್ಲಿತ್ತು, ಆಯದ ಕಾಳಿನಲ್ಲಿ ಮುಗಿಯುತ್ತಿತ್ತು. ಕಬ್ಬಿಣದ ನೇಗಿಲಿನ ಕುಳ ನಿಂತಿದ್ದು ಬೋಲ್ಟಿನ ಮೇಲೆ. ಪಾನಾ ಇಲ್ಲದ ಮನೆಗೆ ಬೋಲ್ಟು ಬಂದದ್ದು ಒಂದು ಹೊಸ ಸಾಲದ ಹಾಗೆಯೇ ಆಯಿತು.

ಇದನ್ನು ಬಲ್ಲವನೆಂದರೆ ಹ್ಯಾರಿ ಫರ್ಗೂಸನ್. ಐರ್ಲೆಂಡಿನ ರೈತನ ಮಗ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಸಣ್ಣ ಬೂದು ಬಣ್ಣದ ಟ್ರಾಕ್ಟರು ಐದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರ ಜೊತೆ ಒಂದು ಪಾನಾ ಕೊಡುತ್ತಿದ್ದರು. ನೇಗಿಲು ಮೊದಲಾದ ಸಲಕರಣೆಗಳನ್ನು ಹೊಂದಿಸಲು ಬೇಕಾದ ನಟ್ಟುಗಳೆಲ್ಲ ಎರಡೇ ಅಳತೆ. ಪಾನಾದ ಆ ತುದಿ ಒಂದಕ್ಕೆ, ಈ ತುದಿ ಇನ್ನೊಂದಕ್ಕೆ. ಪಾನಾದ ಮೇಲೆ ಇಂಚಿನ ಗುರುತು ಕೊರೆದಿತ್ತು, ಸಾಲಿನ ಅಗಲ ಅಳೆಯುವುದಕ್ಕೆ. ಹೊಲದ ನಡುವೆ ಒಬ್ಬನೇ ನಿಂತಿರುವ ಉಳುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಮುಟ್ಟು ಅಂದರೆ ಇದು. ಎಲ್ಲ ಕಂಪನಿಗಳೂ ಹೀಗೆ ಯೋಚಿಸಿದ್ದರೆ ನಾನು ಈ ದಿನ ಮಾತನಾಡಬೇಕಾಗಿರಲಿಲ್ಲ.

ಹಾಗೆ ಆಗಲಿಲ್ಲವಾದ್ದರಿಂದ ನಮ್ಮ ಹಳ್ಳಿಗಳಲ್ಲಿ ಮೂರು ಮನೆತನದ ನಟ್ಟುಗಳೂ ಬೆರೆತುಹೋದವು. ನಮ್ಮ ದೇಶ 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆಗೆ ಬಂತು. ಈಗ ಬರುವ ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಮಿಲಿಮೀಟರಿನ ನಟ್ಟುಗಳೇ. ಆದರೆ ಹಳೆಯ ಪಂಪು, ಹಳೆಯ ಎಣ್ಣೆ ಇಂಜಿನು, ಅಜ್ಜನ ಕಾಲದ ನೇಗಿಲು ಇನ್ನೂ ಇಂಚಿನ ಕಾಲದಲ್ಲೇ ಇವೆ. ಪಾನಾದ ಮೇಲಿನ ಅಂಕಿಯನ್ನು ಓದುವುದರಲ್ಲೇ ಒಂದು ಮೋಸವಿದೆ, ಕೇಳಿ. ವಿಟ್‌ವರ್ತ್ ಪಾನಾದ ಮೇಲೆ ಅರ್ಧ ಇಂಚು ಎಂದು ಬರೆದಿದ್ದರೆ ಅದು ಬೋಲ್ಟಿನ ದಪ್ಪ, ಪಾನಾದ ಬಾಯಿಯದಲ್ಲ. ಅದರ ಬಾಯಿ 0.92 ಇಂಚು, ಅಂದರೆ 23.4 ಮಿಲಿಮೀಟರು. ಅಮೆರಿಕಾದ ಪಾನಾದ ಮೇಲೆ ಅರ್ಧ ಇಂಚು ಎಂದಿದ್ದರೆ ಬಾಯಿಯೇ ಅರ್ಧ ಇಂಚು, 12.7 ಮಿಲಿಮೀಟರು. ಸಾಲದ್ದಕ್ಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಉಳಿಸಲೆಂದು ಇಂಗ್ಲೆಂಡಿನವರು ನಟ್ಟಿನ ಅಗಲವನ್ನು ಒಂದು ಮೆಟ್ಟಿಲು ಇಳಿಸಿದರು. ಅದೇ ಅರ್ಧ ಇಂಚು ಬೋಲ್ಟಿನ ನಟ್ಟು 0.82 ಇಂಚಿಗೆ, ಅಂದರೆ 20.8 ಮಿಲಿಮೀಟರಿಗೆ ಇಳಿಯಿತು. 23.4ರ ನಟ್ಟಿಗೆ ನಾವು 24ರ ಪಾನಾ ಹಾಕುತ್ತೇವೆ. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸಡಿಲ, ಏನು ಮಹಾ ಅಂದುಕೊಳ್ಳುತ್ತೇವೆ. ತುಕ್ಕು ತಿಂದು ನಟ್ಟು ಸವೆದಿದ್ದರೆ ಸಡಿಲ ಇನ್ನೂ ಹೆಚ್ಚು. ಆಗ ಪಾನಾದ ಬಲ ನಟ್ಟಿನ ಪಕ್ಕೆಯ ಮೇಲೆ ಬೀಳದೆ ಮೂಲೆಯ ಗೆರೆಯ ಮೇಲೆ ಬೀಳುತ್ತದೆ. ಮೂಲೆ ಹೋಗುತ್ತದೆ. ಎಷ್ಟೋ ಕಡೆ ತುಕ್ಕು ಹಿಡಿದು ಬಾರದ ನಟ್ಟು ಅಂತ ತೋರಿಸಿದ್ದನ್ನು ನಾನು ನೋಡಿದ್ದೇನೆ. ತುಕ್ಕು ಅಲ್ಪ, ತಪ್ಪು ಪಾನಾದ ಕೈವಾಡವೇ ಹೆಚ್ಚು.

ಹಾಗೆಂದು ತುಕ್ಕು ಸುಮ್ಮನಿರುತ್ತದೆಯೇ? ಅದಕ್ಕೆ ನೀರೂ ಗಾಳಿಯೂ ಬೇಕು, ಎರಡೂ ನಮ್ಮಲ್ಲಿ ಧಾರಾಳ. ಕಬ್ಬಿಣ ತುಕ್ಕಾದಾಗ ಅದು ಉಬ್ಬುತ್ತದೆ, ಮೊದಲಿದ್ದ ಜಾಗದ ಎರಡು ಪಟ್ಟಿಗೂ ಮೀರಿ ಜಾಗ ಕೇಳುತ್ತದೆ. ನಟ್ಟು ಬೋಲ್ಟಿನ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ಉಬ್ಬಿದ ತುಕ್ಕು ಬೆಣೆ ಹೊಡೆದ ಹಾಗೆ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಪೊಟ್ಯಾಷ್ ಗೊಬ್ಬರದ ಉಪ್ಪು ತಾಗಿದರೆ ಇನ್ನೂ ಬೇಗ. ಬೀಜದ ಜೊತೆ ಗೊಬ್ಬರ ಬಿಡುವ ಕೂರಿಗೆಯನ್ನು ಬಿತ್ತನೆಯಾದ ದಿನವೇ ತೊಳೆದು ಒಣಗಿಸಿ ಎಣ್ಣೆ ಸವರದಿದ್ದರೆ ಮುಂದಿನ ವರ್ಷ ಅದರ ನಟ್ಟುಗಳು ಮಾತು ಕೇಳುವುದಿಲ್ಲ.

ಹಿಡಿದ ತುಕ್ಕನ್ನು ಬಿಡಿಸಲು ನಮ್ಮವರು ಸೀಮೆಎಣ್ಣೆ ಬಿಡುತ್ತಿದ್ದರು. ಒಳ್ಳೆಯದೇ. ಆದರೆ ಬಿಟ್ಟ ತಕ್ಷಣ ಪಾನಾ ಹಾಕಿದರೆ ಬಿಡದು. ತಂತಿ ಬ್ರಷ್ಷಿನಿಂದ ಮೇಲಿನ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ರಾತ್ರಿ ಹಾಗೇ ಬಿಡಬೇಕು, ನಡುನಡುವೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಈಗ ಅಂಗಡಿಯಲ್ಲಿ ಚಿಮುಕಿಸುವ ಡಬ್ಬಿ ಬರುತ್ತದೆ. ಅದರಲ್ಲಿ ಹೆಸರಾದದ್ದು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕಾದ ಸ್ಯಾನ್ ಡಿಯಾಗೋದಲ್ಲಿ ಕ್ಷಿಪಣಿಯ ತಗಡಿಗೆ ತುಕ್ಕು ಹಿಡಿಯದಿರಲೆಂದು ಮಾಡಿದ್ದು, ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ್ದರಿಂದ ಹೆಸರಿನಲ್ಲಿ 40. ಅಂಗಡಿಗೆ ಬಂದದ್ದು 1958ರಲ್ಲಿ. ಯಾವುದು ಬಿಟ್ಟರೂ ಕಾಯುವ ತಾಳ್ಮೆ ಬೇಕು. ಬಿಡಿಸುವಾಗ ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು ತಿರುಗಿಸಿ. ತುಕ್ಕಿನ ಕಚ್ಚು ಒಡೆಯುತ್ತದೆ. ಆಮೇಲೆ ಬಿಚ್ಚುವ ಕಡೆಗೆ.

ಕುಲುಮೆಯ ಉಪಾಯ ಬೇರೆ, ಕಾಯಿಸುವುದು. ಕಬ್ಬಿಣ ಕಾದರೆ ಹಿಗ್ಗುತ್ತದೆ. 20 ಮಿಲಿಮೀಟರು ತೂತಿನ ನಟ್ಟನ್ನು 300 ಡಿಗ್ರಿಯಷ್ಟು ಕಾಯಿಸಿದರೆ ತೂತು ಸುಮಾರು 0.07 ಮಿಲಿಮೀಟರು ಹಿಗ್ಗುತ್ತದೆ. ಅಷ್ಟೇ ಸಾಕು, ತುಕ್ಕಿನ ಹಿಡಿತ ಒಡೆಯುತ್ತದೆ. ಕಾಯಿಸಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. ಡೀಸೆಲ್ ಟ್ಯಾಂಕು, ರಬ್ಬರು, ಬೇರಿಂಗು ಹತ್ತಿರ ಇದ್ದರೆ ಬೆಂಕಿಯ ಮಾತೇ ಬೇಡ. ಎಣ್ಣೆ ಚಿಮುಕಿಸಿದ ಮೇಲೆ ಒರೆಸದೆ ಬೆಂಕಿ ಹಿಡಿಯುವುದು ಸೆರಗಿಗೆ ಕಿಡಿ ತಾಕಿಸಿದ ಹಾಗೆ.

ಇವೆಲ್ಲ ಸೋತಾಗ ಸಾಮಾನ್ಯವಾಗಿ ನಾವು ಮಾಡುವುದೇನು? ಪಾನಾದ ಹಿಡಿಗೆ ಮೂರಡಿ ಪೈಪು ಸಿಕ್ಕಿಸಿ ಇಬ್ಬರು ತೂಗುತ್ತೇವೆ. ಒಂದಡಿ ಪಾನಾ ಮೂರಡಿಯಾದರೆ ಬಲ ಮೂರು ಪಟ್ಟು, ಸನ್ನೆಗೋಲಿನ ಲೆಕ್ಕ. ಆದರೆ ಬೋಲ್ಟಿನ ಶಕ್ತಿ ಮೂರು ಪಟ್ಟಾಗಲಿಲ್ಲವಲ್ಲ! ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಬಾವಿಯ ಪಂಪಿನ ಎರಡು ಭಾಗ ಕೂಡಿಸುವ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು, ನಾಲ್ಕನೆಯದಕ್ಕೆ ಹೀಗೆ ಪೈಪು ಹಾಕಿ ತೂಗಿದರು. ಬೋಲ್ಟು ಮುರಿಯಲಿಲ್ಲ, ಅದು ಕೂತಿದ್ದ ಎರಕದ ಕಿವಿಯೇ ಮುರಿದುಬಿತ್ತು. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಕೆಲವು ರೂಪಾಯಿಯ ನಟ್ಟಿನ ಹಟಕ್ಕೆ ಪಂಪಿನ ಇಡೀ ಹೊದಿಕೆ ಬದಲಾಯಿಸಬೇಕಾಯಿತು. ಅದು ಪೇಟೆಯಿಂದ ಬರುವವರೆಗೆ ಒಂದು ವಾರ ನೀರಿಲ್ಲದೆ ಬದನೆ ಸಸಿಗಳು ಬಾಡಿದವು. ಆ ಮನೆಯ ಹೆಂಗಸರು ಕೊಡದಲ್ಲಿ ಹೊತ್ತು ಅರ್ಧ ಪಾತಿ ಉಳಿಸಿಕೊಂಡರು.

ಇಂಥ ಕಡೆ ಹಳೆಯ ಕಮ್ಮಾರರು ಬೇರೆ ದಾರಿ ಹಿಡಿಯುತ್ತಿದ್ದರು. ನಟ್ಟನ್ನು ತಿರುಗಿಸುವ ಆಸೆ ಬಿಟ್ಟು ಅದನ್ನೇ ಸೀಳಿಬಿಡುವುದು. ಕಬ್ಬಿಣ ಕತ್ತರಿಸುವ ಉಳಿಯನ್ನು ನಟ್ಟಿನ ಪಕ್ಕೆಯ ಮೇಲೆ ಇಟ್ಟು, ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆಯನ್ನು ಆನಿಸಿ, ಏಟು ಹಾಕುವುದು. ನಟ್ಟು ಹೋಗುತ್ತದೆ, ಬೋಲ್ಟು ಉಳಿಯುತ್ತದೆ. ಆದರೆ ಉಳಿಯ ಏಟಿಗೆ ಎರಕ ಒಡೆಯುವ ಭಯ, ಚೂರು ಸಿಡಿದು ಕಣ್ಣಿಗೆ ಬೀಳುವ ಭಯ ಇದ್ದೇ ಇದೆ. ಆ ಏಟನ್ನು ತೆಗೆದುಹಾಕಿ ಉಳಿಯನ್ನು ಮಾತ್ರ ಉಳಿಸಿಕೊಂಡ ಮುಟ್ಟೇ ನಟ್ಟು ಸೀಳುವ ಮುಟ್ಟು. ಅಂಗಡಿಯಲ್ಲಿ ನಟ್ ಸ್ಪ್ಲಿಟರ್ ಎಂದರೆ ಕೊಡುತ್ತಾರೆ.

ಅದರ ರೂಪ ಹೀಗಿದೆ. ಗಟ್ಟಿ ಉಕ್ಕಿನ ಒಂದು ಬಳೆ, ಅದಕ್ಕೊಂದು ಹಿಡಿ. ಬಳೆಯ ಒಳಗೆ ಒಂದು ಕಡೆಯಿಂದ ಚೂಪಾದ ಉಳಿ ಮುಂದೆ ಬರುತ್ತದೆ. ಉಳಿಯನ್ನು ತಳ್ಳುವುದು ಹಿಂದಿರುವ ಒಂದು ದಪ್ಪ ಬೋಲ್ಟು. ಬಳೆಯನ್ನು ನಟ್ಟಿನ ಸುತ್ತ ಕೂರಿಸಿ, ಉಳಿಯ ಬಾಯಿ ಮೂಲೆಗೆ ಬಾರದೆ ಚಪ್ಪಟೆ ಪಕ್ಕೆಯ ನಡುವೆ ತಾಗುವಂತೆ ನೋಡಿಕೊಂಡು, ಹಿಂದಿನ ಬೋಲ್ಟನ್ನು ಪಾನಾದಿಂದ ಮೆಲ್ಲಗೆ ತಿರುಗಿಸಬೇಕು. ತಿರುಪಿನ ಬಲ, ಬೆಣೆಯ ಬಲ ಎರಡೂ ಕೂಡಿ ಉಳಿ ನಟ್ಟಿನೊಳಗೆ ಇಳಿಯುತ್ತದೆ. ನಟ್ಟನ್ನು ಕಟ್ಟಿಹಾಕಿದ್ದೂ ತಿರುಪೇ, ಅದನ್ನು ಸೀಳುವುದೂ ತಿರುಪೇ. ಅಜ್ಜನ ನೇಗಿಲಿನ ಬೆಣೆ ಇಲ್ಲಿ ಮತ್ತೆ ಕೆಲಸಕ್ಕೆ ಬಂತು ನೋಡಿ. ಟಕ್ಕನೆ ಒಂದು ಸದ್ದು ಕೇಳಿದರೆ ಸೀಳು ಬಿಟ್ಟಿತು ಎಂದರ್ಥ. ಅಲ್ಲಿಗೆ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಉಳಿ ಬೋಲ್ಟಿನ ತಿರುಪನ್ನು ಕಚ್ಚುತ್ತದೆ. ಸೀಳಿದ ನಟ್ಟು ಅಗಲಿಸಿರುವುದರಿಂದ ಸಾಮಾನ್ಯವಾಗಿ ಪಾನಾಕ್ಕೆ ಬರುತ್ತದೆ. ಬಾರದಿದ್ದರೆ ಮುಟ್ಟನ್ನು ಎದುರು ಪಕ್ಕೆಗೆ ತಿರುಗಿಸಿ ಅಲ್ಲೂ ಸೀಳಿ, ಎರಡು ಹೋಳಾಗಿ ಕೈಗೆ ಬರುತ್ತದೆ.

ಇದಕ್ಕೂ ಮಿತಿ ಉಂಟು. ನಟ್ಟಿನ ಸುತ್ತ ಬಳೆ ಕೂರುವಷ್ಟು ಜಾಗ ಬೇಕು. ಗುಳಿಯೊಳಗೆ ಕೂತ ನಟ್ಟಿಗೆ ಆಗದು. ನಟ್ಟಿನ ಅಳತೆಗೆ ತಕ್ಕ ಮುಟ್ಟು ಬೇಕು, ಸಣ್ಣದರಿಂದ ದೊಡ್ಡ ನಟ್ಟು ಸೀಳಲು ಹೋದರೆ ಬಳೆಯೇ ಬಾಯಿಬಿಡುತ್ತದೆ. ಇಂಜಿನಿನ ಒಳಭಾಗದಲ್ಲಿ ಬರುವ, ಹದ ಕೊಟ್ಟ ಗಡಸು ನಟ್ಟುಗಳಿಗೆ ಹಾಕಿದರೆ ಉಳಿಯ ಬಾಯಿ ಮುರಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಇದನ್ನು ಹಿಡಿಯಬಾರದು, ಮಕ್ಕಳು ಹತ್ತಿರ ನಿಲ್ಲಬಾರದು. ಪ್ರತಿಯೊಂದು ಮನೆಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲೋ ಸಹಕಾರ ಸಂಘದಲ್ಲೋ ಎರಡು ಅಳತೆಯವು ಇದ್ದರೆ ಹತ್ತು ಮನೆಗೆ ಸಾಕು. ಮನೆಗೆ ಬೇಕಾದ್ದು ನಿಮ್ಮ ಯಂತ್ರದ ಅಳತೆಗೆ ಸರಿಯಾದ ನಾಲ್ಕೈದು ರಿಂಗ್ ಪಾನಾ, ಒಂದು ತಂತಿ ಬ್ರಷ್ಷು, ಒಂದು ಡಬ್ಬಿ ಗ್ರೀಸು.

ನಟ್ಟು ಸೀಳಿ ತೆಗೆದ ಮೇಲೆ ಬೋಲ್ಟಿನ ತಿರುಪನ್ನು ಬ್ರಷ್ಷಿನಿಂದ ಉಜ್ಜಿ ನೋಡಿ. ಸುತ್ತುಗಳು ಸರಿಯಿದ್ದರೆ ಬೋಲ್ಟು ಇನ್ನೂ ಬಾಳುತ್ತದೆ. ಹೊಸ ನಟ್ಟಿಗೆ ಪೇಟೆಗೆ ಹೋಗುವಾಗ ಬೋಲ್ಟು ಬಿಚ್ಚಿ ಬರುವಂತಿದ್ದರೆ ಅದನ್ನೇ ಕೊಂಡೊಯ್ಯಿರಿ. ಬರದಿದ್ದರೆ ಸೀಳಿದ ಹೋಳುಗಳನ್ನಾದರೂ ಕಾಗದದಲ್ಲಿ ಸುತ್ತಿ ಒಯ್ಯಿರಿ; ಅಂಗಡಿಯವರು ಅದರ ಸುತ್ತುಗಳನ್ನು ನೋಡಿ ಇಂಚಿನದೋ ಮಿಲಿಮೀಟರಿನದೋ ಹೇಳುತ್ತಾರೆ. ತಂದ ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ. ನಾಲ್ಕೈದು ಸುತ್ತು ಬೆರಳಿಗೇ ಹೋಗಬೇಕು. ಎರಡನೆಯ ಸುತ್ತಿಗೇ ನಿಂತರೆ ಪಾನಾ ಹಾಕಬೇಡಿ, ಅದು ಬೇರೆ ಮನೆತನದ್ದು, ಹಿಂದಕ್ಕೆ ಕೊಡಿ. ಸರಿಯಾಗಿ ಕೂತದ್ದಾದರೆ ತಿರುಪಿಗೆ ಕಡಲೆಕಾಳಿನಷ್ಟು ಗ್ರೀಸು ಸವರಿ ಬಿಗಿಯಿರಿ.